ವಿಲಿಯಂ ಓಸ್ಲರ್ ಮನೆಗೆ ಸಮಯ ಕೊಟ್ಟಿದ್ದು ಹೇಗೆ?

ಪ್ರಶ್ನೆ: ನನ್ನ ಗಂಡ ಮೆಡಿಸಿನ್‌ನಲ್ಲಿ ಪಿಜಿ ಮಾಡುತ್ತಿದ್ದಾರೆ. ನಮಗೆ ಎಂಟು ತಿಂಗಳ ಮಗಳಿದ್ದಾಳೆ. ಅವಳನ್ನು ನೋಡಿಕೊಳ್ಳಲು ನಾನು ಕೆಲಸ ಬಿಟ್ಟಿದ್ದೇನೆ. ಅವರು ಮನೆಗೆ ಬರುವುದೇ ಅಪರೂಪ, ಬಂದರೂ ನಿದ್ದೆ. ಕೇಳಿದರೆ ನೂರು ವರ್ಷದ ಹಿಂದಿನ ಡಾಕ್ಟರ್ ವಿಲಿಯಂ ಓಸ್ಲರ್ ಹೆಸರು ಹೇಳುತ್ತಾರೆ. ಅಷ್ಟು ದೊಡ್ಡ ಡಾಕ್ಟರ್ ಹೆಂಡತಿ, ಮಗನನ್ನೂ ಅಷ್ಟೇ ಪ್ರೀತಿಯಿಂದ ನೋಡಿಕೊಂಡರಂತೆ. ಈ ಕಷ್ಟದ ವರ್ಷಗಳು ಮುಗಿದ ಮೇಲೆ ತಾವೂ ಹಾಗೇ ಇರುತ್ತಾರಂತೆ. ಈಗ ನೋಡಿದರೆ ಪಿಜಿ ಆದ ಮೇಲೆ ಸೂಪರ್ ಸ್ಪೆಷಾಲಿಟಿ ಅನ್ನುತ್ತಿದ್ದಾರೆ. ಓಸ್ಲರ್ ನಿಜಕ್ಕೂ ಹಾಗಿದ್ದರಾ? ಇದ್ದರೆ, ಅವರಿಗೆ ಆಗಿದ್ದು ಇವರಿಗೆ ಯಾಕೆ ಆಗುತ್ತಿಲ್ಲ? ನಾನೇನು ಹೇಳಲಿ?

ಉತ್ತರ: ಹೌದು, ಹಾಗೇ ಇದ್ದರು. ನಿಮ್ಮವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಹೇಳುವ ಕಥೆಯಲ್ಲಿ ಒಂದು ಮುಖ್ಯ ಭಾಗ ಬಿಟ್ಟುಹೋಗಿದೆ. ಮದುವೆಯಾದಾಗ ಓಸ್ಲರ್ ಅವರಿಗೆ 42 ವರ್ಷ. ಅಷ್ಟು ಹೊತ್ತಿಗೆ ಅವರು ಒಂದು ದೊಡ್ಡ ಆಸ್ಪತ್ರೆಯ ಮುಖ್ಯ ವೈದ್ಯರು. ಅವರ ಕೈಕೆಳಗೆ ಕಲಿಯುತ್ತಿದ್ದ ಡಾಕ್ಟರ್ ಹುಡುಗರ ಕಥೆಯೇ ಬೇರೆ. ಆ ಹುಡುಗರಿಗೆ ಹೆಂಡತಿ, ಮಕ್ಕಳು ಇರುವುದೇ ಬೇಡ ಅನ್ನುವಂಥ ಪದ್ಧತಿಯನ್ನು ಕಟ್ಟಿದವರಲ್ಲಿ ಓಸ್ಲರ್ ಕೂಡ ಒಬ್ಬರು. ನಿಮ್ಮ ಗಂಡ ಈಗ ಇರುವುದು ಓಸ್ಲರ್ ಜಾಗದಲ್ಲಲ್ಲ, ಆ ಹುಡುಗರ ಜಾಗದಲ್ಲಿ. ನಾನು ಮೆಡಿಸಿನ್ ಕಲಿಸುವವನು, ವೈದ್ಯಕೀಯದ ಚರಿತ್ರೆ ಓದುವ ಚಟ ಬೇರೆ ಇದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಓಸ್ಲರ್ ಹುಟ್ಟಿದ್ದು 1849ರ ಜುಲೈ 12ರಂದು, ಕೆನಡಾದ ಬಾಂಡ್ ಹೆಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಮನೆ ತುಂಬ ಮಕ್ಕಳು. ಇವರೂ ಪಾದ್ರಿ ಆಗಬೇಕು ಅಂತಲೇ ಟೊರಾಂಟೊದಲ್ಲಿ ಕಾಲೇಜು ಸೇರಿದ್ದು. ಮನಸ್ಸು ವೈದ್ಯಕೀಯಕ್ಕೆ ತಿರುಗಿತು. 1872ರಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆದರು. ಆಮೇಲೆ ಎರಡು ವರ್ಷ ಲಂಡನ್, ಬರ್ಲಿನ್, ವಿಯೆನ್ನಾ ಸುತ್ತಿ ಕಲಿತರು. ಮೆಗಿಲ್‌ಗೆ ವಾಪಸ್ ಬಂದು ಪಾಠ ಹೇಳುತ್ತಾ, ನೂರಾರು ಶವಪರೀಕ್ಷೆಗಳನ್ನು ತಾವೇ ಮಾಡುತ್ತಾ ಹತ್ತು ವರ್ಷ ಕಳೆದರು. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಕೆಲಸಕ್ಕೆ ಕರೆ ಬಂತು. ಹೋಗುವುದೋ ಬಿಡುವುದೋ ತೀರ್ಮಾನವಾಗದೆ ನಾಣ್ಯ ಚಿಮ್ಮಿ ನೋಡಿದೆ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಂಟಿ ಮನುಷ್ಯ, ನಾಣ್ಯ ಸಾಕಾಗಿತ್ತು. 1889ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಶುರುವಾದಾಗ ಅದರ ಮುಖ್ಯ ವೈದ್ಯರಾದರು. ಆಗ ಇನ್ನೂ ನಲವತ್ತು ತುಂಬಿರಲಿಲ್ಲ.

ಇಷ್ಟೂ ವರ್ಷ ಅವರಿಗೆ ಸಂಸಾರ ಇರಲಿಲ್ಲ, ಗಮನಿಸಿ. ನಿಮ್ಮ ಗಂಡ ಪರೀಕ್ಷೆಗೆ ಉರು ಹೊಡೆಯುವ ‘ಓಸ್ಲರ್ ನೋಡ್ಸ್’ ಇದೆಯಲ್ಲ, ಹೃದಯದ ಒಳಪದರಕ್ಕೆ ಸೋಂಕು ತಗುಲಿದಾಗ ಬೆರಳ ತುದಿಯಲ್ಲಿ ಏಳುವ ನೋವಿನ ಗಂಟು? ಆ ಕಾಯಿಲೆಯ ಬಗ್ಗೆ ಅವರು ಲಂಡನ್‌ನಲ್ಲಿ ಹೆಸರಾಂತ ಉಪನ್ಯಾಸಗಳನ್ನು ಕೊಟ್ಟಿದ್ದು 1885ರಲ್ಲಿ. ಆಗಲೂ ಒಂಟಿಯೇ. ತಲೆಮಾರುಗಟ್ಟಲೆ ಡಾಕ್ಟರುಗಳು ಓದಿದ ‘ದಿ ಪ್ರಿನ್ಸಿಪಲ್ಸ್ ಅಂಡ್ ಪ್ರಾಕ್ಟೀಸ್ ಆಫ್ ಮೆಡಿಸಿನ್’ ಪುಸ್ತಕವನ್ನು ಬರೆದು ಮುಗಿಸಿದ ಮೇಲೆಯೇ ಮದುವೆ. ಪುಸ್ತಕ ಮುಗಿಯುವವರೆಗೆ ಆ ಮಾತು ಎತ್ತಬೇಡಿ ಅಂದಿದ್ದರಂತೆ ಮುಂದೆ ಅವರ ಹೆಂಡತಿಯಾದ ಗ್ರೇಸ್. 1892ರಲ್ಲಿ ಅಚ್ಚಾಗಿ ಬಂದ ಪ್ರತಿಯನ್ನು ತಂದು ಆಕೆಯ ಮಡಿಲಿಗೆ ಹಾಕಿ, ‘ತಗೋ ಇದನ್ನ, ಈಗ ಈ ಮನುಷ್ಯನನ್ನ ಏನು ಮಾಡ್ತೀಯ?’ ಅಂತ ಕೇಳಿದರು ಅನ್ನುವ ಕಥೆ ಓಸ್ಲರ್ ಬಲ್ಲವರಿಗೆಲ್ಲ ಗೊತ್ತು. ಆ ಮೇ ತಿಂಗಳಲ್ಲಿ ಮದುವೆ ಆಯಿತು. ಗ್ರೇಸ್ ಅವರಿಗೆ 37. ಫಿಲಡೆಲ್ಫಿಯಾದ ಒಬ್ಬ ಸರ್ಜನ್‌ರ ವಿಧವೆ. ಡಾಕ್ಟರ ಹೆಂಡತಿಯ ಬಾಳು ಹೇಗಿರುತ್ತೆ ಅಂತ ಮೊದಲೇ ತಿಳಿದಿದ್ದ ಹೆಂಗಸು.

ಮರುವರ್ಷ ಫೆಬ್ರವರಿಯಲ್ಲಿ ಮೊದಲ ಮಗ ಹುಟ್ಟಿದ. ಪಾಲ್ ಅಂತ ಹೆಸರಿಟ್ಟರು. ಒಂದೇ ವಾರಕ್ಕೆ ತೀರಿಕೊಂಡ. ಓಸ್ಲರ್ ಮನೆಯಲ್ಲಿ ಎಂಥ ಮನುಷ್ಯ ಅನ್ನುವುದಕ್ಕೆ ನಾನು ಮೊದಲು ತೋರಿಸುವುದು ಆಮೇಲೆ ಅವರು ಮಾಡಿದ ಕೆಲಸವನ್ನು. ಆ ಕೂಸೇ ಸ್ವರ್ಗದಿಂದ ಅಮ್ಮನಿಗೆ ಬರೆದ ಹಾಗೆ ಒಂದು ಕಾಗದ ಬರೆದರು. ಹಾಡು ಚೆನ್ನಾಗಿ ಕಲಿತರೆ, ಭೂಮಿಯಲ್ಲಿರುವ ಅಪ್ಪ, ಅಮ್ಮ ನಮ್ಮನ್ನು ನೆನೆಸಿಕೊಳ್ಳುತ್ತಿದ್ದರೆ, ಕೆಲವು ತಿಂಗಳಿಗೊಮ್ಮೆ ಕಾಗದ ಬರೆಯಲು ಇಲ್ಲಿ ಬಿಡುತ್ತಾರೆ ಅಂತ ಮಗು ಅದರಲ್ಲಿ ಹೇಳುತ್ತದೆ. ಯೋಚನೆ ಮಾಡಿ. ಇದಕ್ಕೆ ನಾಲ್ಕು ವರ್ಷ ಮುಂಚೆ, 1889ರಲ್ಲಿ, ಇದೇ ಮನುಷ್ಯ ಹೊಸ ಡಾಕ್ಟರುಗಳ ಮುಂದೆ ನಿಂತು, ಏನೇ ಆಗಲಿ ವೈದ್ಯನ ಮುಖದಲ್ಲಿ ಕಳವಳ ಕಾಣಬಾರದು ಅಂತ ಭಾಷಣ ಮಾಡಿದ್ದರು. ಆ ಭಾಷಣವನ್ನು ಇವತ್ತಿಗೂ ಪದವಿ ಸಮಾರಂಭಗಳಲ್ಲಿ ಉದ್ಧರಿಸುತ್ತಾರೆ. ಕಾಗದವನ್ನು ಯಾರೂ ಉದ್ಧರಿಸುವುದಿಲ್ಲ. ಮುಖ ಗಟ್ಟಿ ಮಾಡಿಕೊಳ್ಳುವುದು ವಾರ್ಡಿನ ಕೆಲಸ, ಅದನ್ನು ಮನೆಯೊಳಗೆ ತರಬೇಕಾಗಿಲ್ಲ ಅಂತ ಅವರಿಗೆ ಗೊತ್ತಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಅರ್ಧ ತಲುಪಿಲ್ಲ. ಆಸ್ಪತ್ರೆಯ ಮುಖವನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಾರೆ.

ಎರಡನೇ ಮಗ ರೆವೆರೆ ಹುಟ್ಟಿದ್ದು 1895ರ ಡಿಸೆಂಬರ್‌ನಲ್ಲಿ. ಓದಿನಲ್ಲಿ ಹುಡುಗ ಅಷ್ಟಕ್ಕಷ್ಟೆ. ಮೀನು ಹಿಡಿಯುವುದು ಅಂದರೆ ಪ್ರಾಣ. ಅಪ್ಪ ಜಗತ್ತಿನ ಹೆಸರುವಾಸಿ ಪ್ರೊಫೆಸರ್, ಮಗನಿಗೆ ಪುಸ್ತಕದ ಪಾಠ ಒಗ್ಗದು. ಎಷ್ಟೋ ಮನೆಗಳಲ್ಲಿ ಇದು ದೊಡ್ಡ ಜಗಳವಾಗುತ್ತಿತ್ತು, ಅಲ್ವಾ? ಇಲ್ಲಿ ಆಗಲಿಲ್ಲ. ಓಸ್ಲರ್ ಮಗನ ಜೊತೆ ಗಾಳ ಹಿಡಿದುಕೊಂಡು ಹೋದರು. ಮೀನು ಹಿಡಿಯುವುದರ ಬಗ್ಗೆ 17ನೇ ಶತಮಾನದಲ್ಲಿ ಬರೆದ ಐಸಾಕ್ ವಾಲ್ಟನ್‌ನ ಮೂಲಕ ಹುಡುಗ ಹಳೆಯ ಪುಸ್ತಕಗಳ ಕಡೆಗೂ ಬಂದ, ತನ್ನದೇ ಸಂಗ್ರಹ ಮಾಡತೊಡಗಿದ. ಡಾಕ್ಟರ್ ಆಗು ಅಂತ ಒತ್ತಾಯ ಮಾಡಿದ ಸುದ್ದಿಯನ್ನು ನಾನು ಎಲ್ಲೂ ಓದಿಲ್ಲ.

ಬೇರೆಯವರ ಮಕ್ಕಳ ಜೊತೆಗೂ ಅಷ್ಟೇ. ಆಕ್ಸ್‌ಫರ್ಡ್‌ನಲ್ಲಿ ನಾಯಿಕೆಮ್ಮಿನಿಂದ ನರಳುತ್ತಿದ್ದ ಒಬ್ಬ ಹುಡುಗನನ್ನು ನೋಡಲು ಹೋದಾಗ ಓಸ್ಲರ್ ಮೈಮೇಲೆ ಪದವಿ ಸಮಾರಂಭದ ಕೆಂಪು ನಿಲುವಂಗಿ ಇತ್ತು. ಹುಡುಗ ಏನೂ ತಿನ್ನುತ್ತಿರಲಿಲ್ಲ. ಓಸ್ಲರ್ ಒಂದು ಪೀಚ್ ಹಣ್ಣು ತಗೊಂಡು ಸಿಪ್ಪೆ ಸುಲಿದು, ಹೆಚ್ಚಿ, ಸಕ್ಕರೆ ಉದುರಿಸಿ, ಇದು ಮಾಯದ ಹಣ್ಣು ಅಂತ ಒಂದೊಂದೇ ಚೂರು ತಿನ್ನಿಸಿದರು. ಉಳಿಯುವುದು ಕಷ್ಟ ಅಂತ ತಂದೆಗೆ ಹೊರಗೆ ಹೇಳಿದರೂ ದಿನಾ ಬಂದರು. ನಿಲುವಂಗಿ ಹುಡುಗನಿಗೆ ಹಿಡಿಸಿತ್ತು ಅಂತ ಪ್ರತಿ ಸಲ ಅದನ್ನೇ ಹಾಕಿಕೊಂಡು ಬಂದರು. ಹುಡುಗ ಬದುಕಿದ.

ಸರಿ, ಇಷ್ಟಕ್ಕೆಲ್ಲ ಸಮಯ ಎಲ್ಲಿತ್ತು? ನಿಮ್ಮ ನಿಜವಾದ ಪ್ರಶ್ನೆ ಇದೇ. ಒಂದು ಕಾರಣ, ಅವರ ಗಡಿಯಾರ. ಬಾಲ್ಟಿಮೋರ್‌ನಲ್ಲಿದ್ದಾಗ ಬೆಳಗ್ಗೆ ಏಳಕ್ಕೆ ಏಳುವುದು, ಒಂಬತ್ತಕ್ಕೆ ಮುಂಚೆ ಆಸ್ಪತ್ರೆ, ಮಧ್ಯಾಹ್ನದವರೆಗೆ ವಾರ್ಡು. ಊಟವಾದ ಮೇಲೆ ಮನೆಯಲ್ಲೇ ರೋಗಿಗಳನ್ನು ನೋಡುವುದು. ರಾತ್ರಿ ಹತ್ತರ ಹೊತ್ತಿಗೆ ಪುಸ್ತಕ ಹಿಡಿದು ಹಾಸಿಗೆಗೆ. ಇದರಲ್ಲಿ ಹೆಚ್ಚು ಕಡಿಮೆ ಆಗಲು ಅವರು ಬಿಡುತ್ತಿರಲಿಲ್ಲ. ನಾಳೆಯ ಚಿಂತೆ, ನಿನ್ನೆಯ ಹಳಹಳಿ ಎರಡಕ್ಕೂ ಬಾಗಿಲು ಹಾಕಿ ಆ ದಿನವನ್ನಷ್ಟೇ ನೋಡಿಕೊಳ್ಳಿ ಅಂತ 1913ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಹೇಳಿದ್ದು ಈ ಅಭ್ಯಾಸದಿಂದಲೇ ಬಂದ ಮಾತು. ಆದರೆ ಹೀಗೆ ಗಡಿಯಾರ ಇಟ್ಟುಕೊಳ್ಳಲು ಅವರಿಗೆ ಆಗಿದ್ದು ಅವರು ಮುಖ್ಯಸ್ಥರಾಗಿದ್ದರಿಂದ. ರಾತ್ರಿ ಎರಡಕ್ಕೆ ವಾರ್ಡಿನಲ್ಲಿ ಯಾರಿಗೋ ಉಸಿರು ಕಟ್ಟಿದರೆ ಏಳುತ್ತಿದ್ದವರು ಬೇರೆ ಹುಡುಗರು.

ಇನ್ನೊಂದು ಕಾರಣ ಗ್ರೇಸ್. ಓಸ್ಲರ್ ಕೆಲಸವನ್ನೂ ಮನೆಯನ್ನೂ ಬೇರೆ ಬೇರೆ ಇಟ್ಟವರಲ್ಲ, ಕೆಲಸವನ್ನೇ ಮನೆಗೆ ಕರೆದುಕೊಂಡು ಬಂದವರು. ಬಾಲ್ಟಿಮೋರ್‌ನಲ್ಲಿ ಪಕ್ಕದ ಮನೆಯಲ್ಲಿದ್ದ ಯುವ ಡಾಕ್ಟರುಗಳಿಗೆ ತಮ್ಮ ಮನೆಯ ಬೀಗದ ಕೈಯನ್ನೇ ಕೊಟ್ಟಿದ್ದರು, ಯಾವಾಗ ಬೇಕಾದರೂ ಬಂದು ಪುಸ್ತಕ ಓದಿ ಅಂತ. ಹೀಗೆ ಬೀಗದ ಕೈ ಸಿಕ್ಕವರಲ್ಲಿ ಹಾರ್ವೆ ಕುಷಿಂಗ್ ಒಬ್ಬರು. ಮುಂದೆ ಮೆದುಳಿನ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿಕೊಟ್ಟವರು, ಓಸ್ಲರ್ ಜೀವನಚರಿತ್ರೆ ಬರೆದು 1926ರಲ್ಲಿ ಪುಲಿಟ್ಜರ್ ಬಹುಮಾನ ಪಡೆದವರು. 1905ರಲ್ಲಿ ಆಕ್ಸ್‌ಫರ್ಡ್‌ಗೆ ಹೋದ ಮೇಲಂತೂ 13, ನಾರ್‌ಹ್ಯಾಮ್ ಗಾರ್ಡನ್ಸ್‌ನ ಅವರ ಮನೆಗೆ ‘ಓಪನ್ ಆರ್ಮ್ಸ್’ ಅಂತಲೇ ಹೆಸರು ಬಿತ್ತು. ಬಾಗಿಲಿಗೆ ಬಂದವರಿಗೆಲ್ಲ ಸ್ವಾಗತ. ಓಸ್ಲರ್ ಎಷ್ಟು ದೊಡ್ಡ ಮನಸ್ಸಿನವರು ಅಂತ ಎಲ್ಲರೂ ಬರೆಯುತ್ತಾರೆ. ಆ ಬಂದವರ ಊಟ, ಟೀ, ಹಾಸಿಗೆ ಎಲ್ಲ ನೋಡಿಕೊಂಡವರು ಗ್ರೇಸ್. ಮನೆಯಲ್ಲಿ ಆಳುಕಾಳು ಇದ್ದರು ನಿಜ. ಹಾಗಂತ ಹೊಣೆ ಆಳುಗಳ ಮೇಲಿರಲಿಲ್ಲ. ನಿಮ್ಮ ಮನೆಯಲ್ಲಿ ಈಗ ಆ ಹೊಣೆ ಯಾರ ಮೇಲಿದೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ಆ ಹುಡುಗರ ವಿಷಯ. ವೈದ್ಯಕೀಯ ಕಾಲೇಜಿನ ಮೂರನೇ, ನಾಲ್ಕನೇ ವರ್ಷದ ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ರೋಗಿಯ ಮಂಚದ ಪಕ್ಕ ನಿಲ್ಲಿಸಿದ್ದು ಓಸ್ಲರ್ ಮಾಡಿದ ದೊಡ್ಡ ಕೆಲಸ. ತಮ್ಮ ಗೋರಿಯ ಮೇಲೆ ಬರೆಯುವುದಾದರೆ ‘ವಾರ್ಡುಗಳಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು’ ಅಂತ ಬರೆದರೆ ಸಾಕು ಅಂದಿದ್ದರು. ಪದವಿ ಮುಗಿಸಿದವರಿಗೆ ಇನ್ನೊಂದು ವ್ಯವಸ್ಥೆ ಮಾಡಿದರು. ಜರ್ಮನಿಯ ಆಸ್ಪತ್ರೆಗಳಲ್ಲಿ ಸಹಾಯಕ ವೈದ್ಯರು ವರ್ಷಗಟ್ಟಲೆ ದುಡಿಯುತ್ತಾ ಕಲಿಯುವುದನ್ನು ನೋಡಿದ್ದರು, ಅದನ್ನೇ ಹಾಪ್‌ಕಿನ್ಸ್‌ಗೆ ತಂದರು. ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅದನ್ನು ಇನ್ನೂ ಬಿಗಿ ಮಾಡಿದರು. ಹುಡುಗರು ಆಸ್ಪತ್ರೆಯಲ್ಲೇ ಮಲಗಬೇಕು, ಆಸ್ಪತ್ರೆಯಲ್ಲೇ ಉಣ್ಣಬೇಕು, ಮದುವೆಯ ಯೋಚನೆ ದೂರ ಇಡಬೇಕು. ಓಸ್ಲರ್ ಕೆಳಗೆ ವಿಲಿಯಂ ಥೇಯರ್ ಹೀಗೆ 1891ರಿಂದ 1898ರವರೆಗೆ ಇದ್ದರು. ಪ್ರೀತಿ, ಪ್ರೇಮವನ್ನು ಕೆಲವು ವರ್ಷ ಶೈತ್ಯಾಗಾರದಲ್ಲಿ ಇಟ್ಟುಬಿಡಿ ಅಂತ ಓಸ್ಲರ್ ವಿದ್ಯಾರ್ಥಿಗಳಿಗೆ ತಮಾಷೆ ಬೆರೆಸಿ ಹೇಳುತ್ತಿದ್ದರು. ಹೇಳಿದ್ದು ತಮಾಷೆಯಾಗಿ, ನಡೆಸಿದ್ದು ಹಾಗೆಯೇ.

ಜಗತ್ತಿನ ಎಷ್ಟೋ ಕಡೆ ಪಿಜಿ ತರಬೇತಿ ಇಂದಿಗೂ ನಡೆಯುವುದು ಇದೇ ಅಚ್ಚಿನಲ್ಲಿ. ಮನೆ, ಮಠ ಇಲ್ಲದ, 24 ಗಂಟೆಯೂ ಆಸ್ಪತ್ರೆಯಲ್ಲೇ ಬಿದ್ದಿರುವ ಗಂಡಸಿಗೆ ಅಂತ ಹೊಲಿದ ಅಂಗಿ ಅದು. ಅದನ್ನು ಈಗ ಎಂಟು ತಿಂಗಳ ಮಗು ಇರುವವರಿಗೆ, ಗರ್ಭಿಣಿಯರಿಗೆ, ವಯಸ್ಸಾದ ಅಪ್ಪ, ಅಮ್ಮನನ್ನು ನೋಡಿಕೊಳ್ಳುವವರಿಗೆ ತೊಡಿಸುತ್ತಿದ್ದೇವೆ. ಬಿಗಿಯಾಗದೆ ಇರುತ್ತದೆಯೇ? ನಿಮ್ಮ ಗಂಡನಿಗೆ ಪ್ರೀತಿ ಕಡಿಮೆ ಅಂತಲೋ, ಓಸ್ಲರ್‌ಗೆ ಇದ್ದ ಶಿಸ್ತು ಇವರಿಗಿಲ್ಲ ಅಂತಲೋ ಅಂದುಕೊಳ್ಳಬೇಡಿ.

ಇದು ಏನೂ ಬದಲಾಗಿಲ್ಲ ಅಂತಲೂ ಅಲ್ಲ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬಿ ಜಿಯಾನ್ ಎಂಬ 18ರ ಹುಡುಗಿ ಆಸ್ಪತ್ರೆಗೆ ಸೇರಿ ಒಂದೇ ದಿನದೊಳಗೆ ತೀರಿಕೊಂಡಳು. ಅವಳನ್ನು ನೋಡಿಕೊಂಡ ಕಿರಿಯ ಡಾಕ್ಟರುಗಳು ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದರು ಅನ್ನುವುದು ದೊಡ್ಡ ಚರ್ಚೆಯಾಯಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಅದು ಇಡೀ ಅಮೆರಿಕಕ್ಕೆ ಬಂತು. ಯುರೋಪಿನಲ್ಲಿ 2009ರಿಂದ ತರಬೇತಿಯಲ್ಲಿರುವ ಡಾಕ್ಟರುಗಳಿಗೂ ಸರಾಸರಿ 48 ಗಂಟೆ. ಮಿತಿ ಬರೆದಿರುವ ಕಡೆಯೆಲ್ಲ ಅದು ನಡೆಯುತ್ತದೆ ಅಂತಲ್ಲ, ಅದು ನಿಮಗೂ ಗೊತ್ತು. ಆದರೆ ಹೆಚ್ಚು ಹೊತ್ತು ಎಚ್ಚರ ಇದ್ದಷ್ಟೂ ಒಳ್ಳೆಯ ಡಾಕ್ಟರ್ ಅನ್ನುವ ಮಾತಿಗೆ ಈಗ ಆಧಾರ ಇಲ್ಲ. 2004ರಲ್ಲಿ ಬೋಸ್ಟನ್‌ನ ತೀವ್ರ ನಿಗಾ ಘಟಕಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಹಳೆಯ ಪದ್ಧತಿಯ ಉದ್ದ ಡ್ಯೂಟಿ ಮಾಡುತ್ತಿದ್ದಾಗ ಕಿರಿಯ ಡಾಕ್ಟರುಗಳಿಂದ ಆದ ಗಂಭೀರ ತಪ್ಪುಗಳು ಸುಮಾರು 36 ಶೇಕಡಾ ಜಾಸ್ತಿ. ಮರುವರ್ಷದ ಇನ್ನೊಂದು ಅಧ್ಯಯನದ ಪ್ರಕಾರ, ಅಂಥ ಡ್ಯೂಟಿ ಮುಗಿಸಿ ಮನೆಗೆ ಗಾಡಿ ಓಡಿಸಿಕೊಂಡು ಹೋಗುವಾಗ ಅಪಘಾತವಾಗುವ ಸಂಭವ ಎರಡು ಪಟ್ಟಿಗಿಂತ ಜಾಸ್ತಿ. ರಾತ್ರಿ ಡ್ಯೂಟಿ ಮುಗಿದ ಬೆಳಗ್ಗೆ ನಿಮ್ಮವರು ತಾವೇ ಗಾಡಿ ಓಡಿಸಿಕೊಂಡು ಬರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಉಳಿದ ಮಾತು ಆಮೇಲೆ.

‘ಈ ವರ್ಷಗಳು ಮುಗಿಯಲಿ’ ಅನ್ನುವ ಮಾತಿಗೆ ಬರುತ್ತೇನೆ. ಓಸ್ಲರ್ ಕಾದರು, ಕಾದಿದ್ದಕ್ಕೆ ಅವರಿಗೆ ಸಿಕ್ಕಿತು. ಸಿಕ್ಕಿದ್ದು ಎಷ್ಟು ವರ್ಷ ಅಂತಲೂ ನೋಡಿ. 1914ರಲ್ಲಿ ಯುದ್ಧ ಶುರುವಾಯಿತು. ರೆವೆರೆ ಮೊದಲು ಮೆಗಿಲ್‌ನವರ ಮಿಲಿಟರಿ ಆಸ್ಪತ್ರೆಯ ಜೊತೆ ಫ್ರಾನ್ಸ್‌ಗೆ ಹೋದ. ಅಲ್ಲಿ ಸುರಕ್ಷಿತವಾಗಿ ಇರುವುದು ಅವನಿಗೆ ಹಿಡಿಸಲಿಲ್ಲ. ಫಿರಂಗಿ ದಳಕ್ಕೆ ಸೇರಿದ. 1917ರ ಆಗಸ್ಟ್ 29ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಷೆಲ್ ಚೂರುಗಳು ಮೈಗೆ ಹೊಕ್ಕವು. ಅಪ್ಪನ ಮನೆಯ ಬೀಗದ ಕೈ ಇದ್ದ ಅದೇ ಕುಷಿಂಗ್ ಸುದ್ದಿ ಕೇಳಿ ರಾತ್ರೋರಾತ್ರಿ ಬಂದರು. ಅಮೆರಿಕದ ದೊಡ್ಡ ದೊಡ್ಡ ಸರ್ಜನ್‌ಗಳು ಸೇರಿ ಪ್ರಯತ್ನಪಟ್ಟರು. ಮರುದಿನ ಬೆಳಗ್ಗೆ ಹುಡುಗ ಹೋದ. 21 ವರ್ಷ. ಓಸ್ಲರ್ ಹಗಲು ಎಂದಿನಂತೆ ವಾರ್ಡಿಗೆ ಹೋದರು, ಅತಿಥಿಗಳನ್ನು ನಗಿಸಿದರು. ರಾತ್ರಿ ಅಳುತ್ತಿದ್ದರು. ಮಗ ಕೂಡಿಟ್ಟ ಪುಸ್ತಕಗಳನ್ನು ಗಂಡ, ಹೆಂಡತಿ ಇಬ್ಬರೂ ಸೇರಿ ಜಾನ್ಸ್ ಹಾಪ್‌ಕಿನ್ಸ್‌ಗೆ ಕೊಟ್ಟು, ಅವನ ನೆನಪಿಗೆ ಅಲ್ಲೊಂದು ಸಾಹಿತ್ಯ ಕ್ಲಬ್ ಮಾಡಿಸಿದರು. ಎರಡು ವರ್ಷದ ಮೇಲೆ, 1919ರ ಡಿಸೆಂಬರ್ 29ರಂದು, ನ್ಯುಮೋನಿಯಾದಿಂದ ಓಸ್ಲರ್ ತೀರಿಕೊಂಡರು.

ಇದನ್ನು ನಿಮ್ಮನ್ನು ಹೆದರಿಸಲು ಹೇಳಲಿಲ್ಲ. ರೆವೆರೆ ಚಿಕ್ಕವನಿದ್ದಾಗ ಓಸ್ಲರ್ ಅವನ ಜೊತೆ ಹೊಳೆ ದಂಡೆಯಲ್ಲಿ ಕೂತಿದ್ದರು. ಮಗ ದೊಡ್ಡವನಾಗಲಿ, ಆಮೇಲೆ ನೋಡೋಣ ಅನ್ನಲಿಲ್ಲ. ನಿಮ್ಮ ಗಂಡ ಓಸ್ಲರ್ ಅವರಿಂದ ಕಲಿಯುವುದಾದರೆ ಇದನ್ನು ಕಲಿಯಲಿ. 42ನೇ ವಯಸ್ಸಿನವರೆಗೆ ಕಾಯುವುದನ್ನಲ್ಲ. ಇವರು ಈಗಾಗಲೇ ಮದುವೆಯಾಗಿದ್ದಾರೆ, ಮಗಳು ಹುಟ್ಟಿಯಾಗಿದೆ. ಕಾಯುವ ಆಯ್ಕೆ ಇವರ ಹತ್ತಿರ ಇಲ್ಲ.

ಇನ್ನು ಸೂಪರ್ ಸ್ಪೆಷಾಲಿಟಿ. ಬೇಡ ಅನ್ನಿ ಅಂತ ನಾನು ಹೇಳುವುದಿಲ್ಲ. ಹೂಂ ಅನ್ನಿ ಅಂತಲೂ ಇಲ್ಲ. 1904ರಲ್ಲಿ ಆದದ್ದನ್ನು ಅವರಿಗೆ ಹೇಳಿ. ಆಗ ಓಸ್ಲರ್ ಕೆಲಸದ ಹೊರೆಯಲ್ಲಿ ಮುಳುಗಿಹೋಗಿದ್ದರು. ದೇಶದ ಮೂಲೆಮೂಲೆಯಿಂದ ರೋಗಿಗಳು, ರೈಲು ಪ್ರಯಾಣ, ಪಾಠ, ಬರವಣಿಗೆ. ಇಂಗ್ಲೆಂಡಿಗೆ ಹೋಗಿದ್ದಾಗ ಆಕ್ಸ್‌ಫರ್ಡ್‌ನ ಪ್ರೊಫೆಸರ್ ಹುದ್ದೆಯ ಮಾತು ಬಂತು. ಹೆಸರಿನಲ್ಲಿ ದೊಡ್ಡದು, ಕೆಲಸದಲ್ಲಿ ಹಗುರ. ಅವರು ಅನುಮಾನಿಸುತ್ತಾ ಕೂತರು. ಗ್ರೇಸ್ ತಂತಿ ಕಳಿಸಿದರು. ತಡ ಮಾಡಬೇಡಿ, ಈಗಲೇ ಒಪ್ಪಿಕೊಳ್ಳಿ, ಶವದ ಪೆಟ್ಟಿಗೆಯಲ್ಲಿ ಹೋಗುವುದಕ್ಕಿಂತ ಹಡಗಿನಲ್ಲಿ ಹೋಗುವುದು ಮೇಲು ಅನ್ನುವುದು ಅದರ ಸಾರ. ಓಸ್ಲರ್ ಒಪ್ಪಿಕೊಂಡರು. ಆ ತೀರ್ಮಾನದಲ್ಲಿ ನಾಣ್ಯ ಚಿಮ್ಮಲಿಲ್ಲ ನೋಡಿ.

ನಿಮಗೂ ಆ ಹಕ್ಕು ಇದೆ. ಅರ್ಜಿ ಹಾಕುವ ಮುಂಚೆ ಕೂತು ಮಾತಾಡಿ, ರಾತ್ರಿ ಡ್ಯೂಟಿಯ ಮರುದಿನ ಅಲ್ಲ, ಇಬ್ಬರೂ ನಿದ್ದೆ ಮಾಡಿದ ಒಂದು ದಿನ. ಯಾವ ವಿಭಾಗ ಅನ್ನುವುದನ್ನು ಬಿಡಿಸಿ ಕೇಳಿ, ಯಾಕೆಂದರೆ ತುರ್ತು ಕರೆಗಳ ವಿಷಯದಲ್ಲಿ ಹೃದಯದ ವಿಭಾಗಕ್ಕೂ ಗ್ರಂಥಿ, ಹಾರ್ಮೋನುಗಳ ವಿಭಾಗಕ್ಕೂ ಅಜಗಜಾಂತರ. ಅಲ್ಲಿ ಈಗ ಓದುತ್ತಿರುವ, ಮಕ್ಕಳಿರುವ ಯಾರನ್ನಾದರೂ ಅವರು ನೇರವಾಗಿ ವಿಚಾರಿಸಲಿ. ಪ್ರೊಫೆಸರನ್ನು ಕೇಳಿದರೆ ಪ್ರಯೋಜನವಿಲ್ಲ, ನಮಗೆ ಆ ರಾತ್ರಿಗಳು ಮರೆತುಹೋಗಿರುತ್ತವೆ. ಒಂದು ವರ್ಷ ಬಿಟ್ಟು ಸೇರಲು ಆಗುತ್ತದೆಯೇ ಅಂತ ತಿಳಿದುಕೊಳ್ಳಿ. ನೀವು ಕೆಲಸಕ್ಕೆ ಯಾವಾಗ ವಾಪಸ್ ಹೋಗುತ್ತೀರಿ, ಆಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಅದೇ ಮಾತುಕತೆಯಲ್ಲಿ ಇಡಿ. ಅದನ್ನು ಇನ್ನೊಂದು ದಿನಕ್ಕೆ ಅಂತ ಅವರು ಮುಂದೂಡಿದರೆ, ಅರ್ಜಿಯನ್ನೂ ಆ ಇನ್ನೊಂದು ದಿನದವರೆಗೆ ಹಾಕಬೇಡಿ ಅನ್ನಿ.